ಎಪ್ಪತ್ತು ಗ್ರಾಂ

ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕನಿಗೆ ಗುಬ್ಬಿಯ ನಮಸ್ಕಾರ.

ನೀನು ಕಾಗದ ಬರೆದು ಐದು ತಿಂಗಳಾಯಿತು. ಉತ್ತರ ಬರೆಯದೆ ಕೂತವನು ನಾನು. ಕೆಲಸ ಹೆಚ್ಚಿತ್ತು ಎಂದು ಬರೆದರೆ ನೀನು ನಂಬುವುದಿಲ್ಲ, ಕೆಲಸ ಕಡಿಮೆ ಇದ್ದಾಗಲೂ ನಾನು ಬರೆದವನಲ್ಲ. "ಫೋನ್ ಮಾಡೋಕೆ ನಿನಗೇನು ದಾಡಿ?" ಎಂದು ಅಮ್ಮ ಬೈಯುತ್ತಾಳೆ. ಫೋನಿನಲ್ಲಿ ನಾನು "ಹೂಂ", "ಚೆನ್ನಾಗಿದೀನಿ", "ಅಮ್ಮಂಗೆ ಕೊಡ್ತೀನಿ" ಎನ್ನುವ ಮೂರು ಮಾತು ಬಿಟ್ಟು ನಾಲ್ಕನೆಯದು ಆಡಿದ್ದು ನಿನಗೆ ನೆನಪಿದೆಯೇ? ಕಾಗದವಾದರೆ ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ತಪ್ಪಾದರೆ ಹೊಡೆದು ಹಾಕಬಹುದು. ಈಗಾಗಲೇ ಎರಡು ಹಾಳೆ ಹರಿದಿದ್ದೇನೆ.

ಅಮ್ಮ ಚೆನ್ನಾಗಿದ್ದಾಳೆ. ಕಣ್ಣಿನ ಆಪರೇಷನ್ ಆದ ಮೇಲೆ ಮನೆಯ ಮೂಲೆಮೂಲೆಯ ಜೇಡರ ಬಲೆಯೂ ಅವಳಿಗೆ ಕಾಣುತ್ತಿದೆ. "ಇಷ್ಟು ದಿನ ಈ ಕೊಳೇಲಿ ನನ್ನ ಇಟ್ಕೊಂಡಿದ್ಯೇನೋ" ಎಂದು ದಿನಕ್ಕೊಂದು ಸಲ ನನಗೆ ಮಂಗಳಾರತಿ. ಮೊದಲ ದಿನ ಕನ್ನಡಿ ನೋಡಿ, "ಇದ್ಯಾವಳೋ ಮುದುಕಿ, ಎದ್ದು ಹೋಗು ಅನ್ನು" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಸೆರಗಿನಿಂದ ಕನ್ನಡಿ ಒರೆಸಿ ಮತ್ತೆ ನೋಡಿದಳು.

ಹಾಸಿಗೆ ಹಿಡಿದವರನ್ನು ಎತ್ತಿ ಕೂರಿಸುವುದಕ್ಕೆ ಇಡೀ ಆಸ್ಪತ್ರೆಯಲ್ಲಿ ನಿನ್ನನ್ನೇ ಕರೆಯುತ್ತಾರೆ, ಸಂಜೆಯಾದರೆ ಬಲಭುಜ ನೋಯುತ್ತದೆ ಎಂದು ಬರೆದಿದ್ದೆ. ಭಾವನಿಗೆ ಹೇಳಿ ಬಿಸಿನೀರಿನ ಶಾಖ ಕೊಡಿಸಿಕೋ. ಆ ಭುಜದ ವಿಷಯ ಓದಿದಾಗ ಕಾಗದ ಮಡಿಚಿಟ್ಟೆ. ಉತ್ತರ ತಡವಾದದ್ದಕ್ಕೆ ಅದೂ ಒಂದು ಕಾರಣ ಎಂದುಕೊಂಡುಬಿಡು.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಬುಧವಾರ ನಿನ್ನ ಕಾಲೇಜಿನ ಆಟದ ಮೇಷ್ಟ್ರು ನಮ್ಮ ವರ್ಕ್‌ಶಾಪಿಗೆ ಬಂದಿದ್ದರು. ಕೂದಲೆಲ್ಲ ಬೆಳ್ಳಗಾಗಿದೆ. ಮುಂದಿನ ತಿಂಗಳು ನಿವೃತ್ತಿಯಂತೆ. ಕತ್ತಿಗೆ ನೇತುಹಾಕಿದ ಸೀಟಿ ಮಾತ್ರ ಹಳೆಯದೇ. ಒಂದು ಕೈಯಲ್ಲಿ ಲಕೋಟೆ, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ಚೀಲ ಭಾರವಾಗಿತ್ತು. ಆ ಕಡೆಯ ಭುಜ ಕೆಳಗಿಳಿದಿತ್ತು. ನಾನು ಕಬ್ಬಿಣ ತಿರುಗಿಸಿ ತೇಯುವ ಲೇತ್ ಯಂತ್ರ ನಿಲ್ಲಿಸಿದೆ.

"ನೋಡಪ್ಪಾ ಗುಬ್ಬಿ, ನಿಮ್ಮಕ್ಕ ಏನು ಕಳಿಸಿದಾಳೆ" ಎಂದು ಲಕೋಟೆಯಿಂದ ಒಂದು ಹಾಳೆ ತೆಗೆದರು.

ಕಾಲೇಜಿನವರು ನಿನಗೆ ಕಳಿಸಿದ ಪತ್ರ ಅದು. ಕಾಲೇಜಿಗೆ ಐವತ್ತು ವರ್ಷ ತುಂಬಿದ ಸಮಾರಂಭದಲ್ಲಿ, "ನಮ್ಮ ಹಳೆಯ ವಿದ್ಯಾರ್ಥಿನಿ, ಗುಂಡು ಎಸೆತದ ಅಪ್ರತಿಮ ಕ್ರೀಡಾಪಟುವನ್ನು, ಹಿಂದಿನ ತಪ್ಪನ್ನು ಮರೆತು, ಸನ್ಮಾನಿಸಲು ಹರ್ಷಿಸುತ್ತೇವೆ" ಎಂದು ಟೈಪು ಮಾಡಿತ್ತು. 'ತಪ್ಪನ್ನು' ಎಂಬ ಮಾತಿನ ಕೆಳಗೆ ನೀನು ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದೆ. ಬೇರೆ ಏನೂ ಇರಲಿಲ್ಲ.

"ಬರ್ತೀನಿ ಅಂತಿಲ್ಲ, ಬರಲ್ಲ ಅಂತಿಲ್ಲ. ಒಂದು ಗೀಟು! ಈ ಗೀಟಿಗೆ ನಾನು ಏನು ಉತ್ತರ ಕೊಡ್ಲಿ?" ಅಂದರು.

ನಾನು ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತೆ. ಮೂಲೆಯಿಂದ ನಮ್ಮ ಯಜಮಾನರು, "ಸಾರ್, ನಮ್ಮ ಗುಬ್ಬಿ ವಾರಕ್ಕೊಂದ್ಸಲ ಮಾತಾಡೋದು. ಈ ವಾರದ್ದು ಸೋಮವಾರವೇ ಆಗೋಯ್ತು" ಅಂದರು. ಮೇಷ್ಟ್ರು ನಗಲಿಲ್ಲ. ಸ್ಟೂಲಿನ ಮೇಲೆ ಕೂತರು.

"ಆ ಪದ ತೆಗೀರಿ ಅಂತ ಪ್ರಿನ್ಸಿಪಾಲರ ಹತ್ರ ಜಗಳ ಆಡಿದೀನಿ ಕಣಪ್ಪಾ. ಅವರು ಹೊಸಬರು, ಫೈಲು ನೋಡಿ ಮಾತಾಡ್ತಾರೆ. ತಪ್ಪು ಅಂತ ಆವತ್ತಿನ ವಿಚಾರಣೆ ಸಮಿತಿ ತೀರ್ಪು ಕೊಟ್ಟಿದೆ, ಅದನ್ನ ಇಲ್ಲ ಅಂತ ನಾನು ಹೇಗೆ ಬರೀಲಿ ಅಂತಾರೆ. ಅವರು ಹೇಳೋದೂ ಸರಿ. ನಾನು ಮಾಡ್ದೆ ಅಂತ ಬೇರೆ ಯಾರಾದ್ರೂ ಆವತ್ತು ಮುಂದೆ ಬಂದಿದ್ರೆ ಫೈಲು ಬೇರೆ ಥರ ಇರೋದು. ಯಾರೂ ಬರಲಿಲ್ಲವಲ್ಲ."

ಆಮೇಲೆ ಚೀಲ ಬಿಚ್ಚಿ ನನ್ನ ಬೆಂಚಿನ ಮೇಲೆ ಇಟ್ಟರು. ಗುಂಡು, ಅಕ್ಕ. ಆ ಗುಂಡೇ. ಹನ್ನೊಂದು ವರ್ಷ ಕಾಲೇಜಿನ ಬೀರುವಿನಲ್ಲಿ ಅರಗಿನ ಮೊಹರು ಹಾಕಿದ ಚೀಲದಲ್ಲಿ ಇತ್ತಂತೆ.

"ಇದನ್ನ ಗಾಜಿನ ಪೆಟ್ಟಿಗೇಲಿ ಇಡ್ತೀವಿ. ಒಂದು ಮರದ ಪೀಠ ಮಾಡಿಕೊಡು" ಅಂದರು. ಆಮೇಲೆ ಯಜಮಾನರಿಗೆ ಕೇಳದ ಹಾಗೆ ದನಿ ತಗ್ಗಿಸಿ, "ಹಾಗೇ ಕೆಳಗಡೆ ಒಂದು ತೂತು ಕೊರೆದು ಸೀಸ ತುಂಬಿಬಿಡಪ್ಪ. ನಾಲ್ಕು ಕಿಲೋ ಸರಿಯಾಗಿ ಬರ್ಲಿ. ನಾಳೆ ಯಾವನಾದ್ರೂ ಕುಹಕಿ ತೂಕಕ್ಕೆ ಇಟ್ರೆ ನಿಮ್ಮಕ್ಕನಿಗೆ ಮತ್ತೆ ಅವಮಾನ ಆಗಬಾರದು" ಅಂದರು.

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಗುಂಡನ್ನು ಮತ್ತೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ.

ಹೋಗುವಾಗ ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು ಹೇಳಿದರು. ಅದನ್ನು ನಿನಗೆ ಬರೆಯಲೇಬೇಕು. "ಎಪ್ಪತ್ತು ಗ್ರಾಂ ಕಮ್ಮಿ ಇದ್ರೆ ಗುಂಡು ಹೆಚ್ಚಂದ್ರೆ ಒಂದು ಗೇಣು ಮುಂದೆ ಬೀಳುತ್ತೆ ಗುಬ್ಬಿ. ನಿಮ್ಮಕ್ಕ ಹಳೇ ದಾಖಲೆಯನ್ನ ಮೂರು ಗೇಣು ದಾಟಿ ಎಸೆದಿದ್ಲು. ಪೂರಾ ತೂಕ ಇದ್ದಿದ್ರೂ ದಾಖಲೆ ಅವಳದೇ. ಆವತ್ತೇ ನನಗೆ ಗೊತ್ತಿತ್ತು. ಸಮಿತಿ ಮುಂದೆ ಬಾಯಿ ಬಿಡಲಿಲ್ಲ. ತೂಗಿ ಗುರುತು ಹಾಕಿದ ಗುಂಡನ್ನ ಅಭ್ಯಾಸಕ್ಕೆ ಅಂತ ಕೋಣೆಯಿಂದ ಹೊರಗೆ ಕೊಟ್ಟಿದ್ದು ನಾನು. ಕೊಡಬಾರದಿತ್ತು. ನನ್ನ ಕೆಲಸ ಹೋಗುತ್ತೆ ಅಂತ ಹೆದರಿದೆ" ಅಂದರು.

ಸೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು. ಯಾಕೋ ಏನೋ, ಸೀಟಿ ಹಾಗೆ ಜೇಬಿಗೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸೋಮವಾರ, ಮಧ್ಯಾಹ್ನ

ನಿನ್ನೆ ಅಷ್ಟಕ್ಕೇ ನಿಲ್ಲಿಸಿದೆ. ಈಗ ಊಟದ ಬಿಡುವು. ಯಜಮಾನರು ಪೇಪರ್ ಮುಖಕ್ಕೆ ಮುಚ್ಚಿಕೊಂಡು ಬೆಂಚಿನ ಮೇಲೆ ಮಲಗಿದ್ದಾರೆ, ಉಸಿರಾಡಿದಾಗೆಲ್ಲ ಪೇಪರ್ ಏಳುತ್ತದೆ, ಬೀಳುತ್ತದೆ.

ಶನಿವಾರ ಗುಂಡನ್ನು ಮನೆಗೆ ತಂದಿದ್ದೆ. ವರ್ಕ್‌ಶಾಪಿನಲ್ಲಿ ಬಿಡಲು ಮನಸ್ಸಾಗಲಿಲ್ಲ. ಅಮ್ಮ ಹೊಸ ಕಣ್ಣಿನಿಂದ ಚೀಲದೊಳಗೆ ಇಣುಕಿ, "ಇದೇನೋ ಇದು?" ಅಂದಳು. ಮೇಷ್ಟ್ರು ಬಂದದ್ದು, ಪತ್ರದ ಆ ಪದ, ನಿನ್ನ ಗೆರೆ, ಎಲ್ಲ ಹೇಳಿದೆ.

"ಇದಾ ಆ ಗುಂಡು? ಇಷ್ಟು ಚಿಕ್ಕದಾ!"

ನನಗೂ ಆಗಲೇ ಹೊಳೆದದ್ದು, ಅಮ್ಮ ಅದನ್ನು ಯಾವತ್ತೂ ನೋಡಿರಲಿಲ್ಲ. ಇಷ್ಟು ವರ್ಷ ಅವಳ ಮನಸ್ಸಿನಲ್ಲಿ ಅದು ಒಂದು ದೊಡ್ಡ ಬೀಸೋ ಕಲ್ಲಿನಷ್ಟು ಇತ್ತಂತೆ. ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಸೆರಗಿನಿಂದ ಒರೆಸಿದಳು. ಬೆರಳಿನಿಂದ ಸುತ್ತ ಸವರಿ ನೋಡಿದಳು. ಮೂವತ್ತು ವರ್ಷ ಕಂಡವರ ಮನೆಯ ಪಾತ್ರೆ ತಿಕ್ಕಿದ ಬೆರಳು.

"ಇದನ್ನ ಉಜ್ಜಿದವರು ಯಾರೋ ತುಂಬ ಆಸೆಯಿಂದ ಉಜ್ಜಿದಾರೆ ಕಣೋ" ಅಂದಳು. "ಕಳ್ಳತನಕ್ಕೆ ಉಜ್ಜೋನು ಇಷ್ಟು ನುಣ್ಣಗೆ ಮಾಡಲ್ಲ. ಅವನಿಗೆ ಅವಸರ ಇರುತ್ತೆ."

ನಾನು ಎದ್ದು ನೀರು ಕುಡಿಯಲು ಹೋದೆ. ಬಾಯಾರಿಕೆ ಏನೂ ಇರಲಿಲ್ಲ.

"ಅವಳು ಬರ್ತಾಳೇನೋ?" ಎಂದು ಒಳಗಿನಿಂದ ಕೇಳಿದಳು.

"ಗೊತ್ತಿಲ್ಲಮ್ಮ."

"ಬರಲ್ಲ. ಅವಳ ಹಠ ನನಗೆ ಗೊತ್ತಿಲ್ವಾ? ಹಾಲು ಕುಡಿಯೋವಾಗಲೇ ಬಟ್ಟಲು ಎತ್ತಿ ಎಸೆಯೋಳು. ಆ ಪದ ಇರೋ ತನಕ ಅವಳು ಈ ಊರಿಗೆ ಕಾಲಿಡಲ್ಲ. ಕಣ್ಣು ಬಂದಿದೆ, ಅವಳನ್ನೊಂದ್ಸಲ ಸರಿಯಾಗಿ ನೋಡೋಣ ಅಂದ್ರೆ..." ಎಂದು ಮಾತು ಅಲ್ಲಿಗೇ ಬಿಟ್ಟಳು.

ಆ ದಿನ ನನಗೆ ಹೇಗೆ ನೆನಪಿದೆ ಎಂದು ನಿನಗೆ ಯಾವತ್ತೂ ಹೇಳಿಲ್ಲ. ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ನೀನು ಮೈದಾನದ ಒಳಗಿದ್ದೆ, ನಾನು ಕಾಂಪೌಂಡ್ ಗೋಡೆಯ ಮೇಲಿದ್ದೆ. ಅರ್ಧ ದಿನ ರಜ ಕೇಳಿ ಬಂದಿದ್ದೆ. ನಿನ್ನ ಹೆಸರು ಕೂಗಿದಾಗ ಹಿಂದಿನ ಸಾಲಿನ ಹುಡುಗರು "ಬಂಡೆ ಬಂತು, ಬಂಡೆ ಬಂತು" ಎಂದು ಕಿರುಚಿದರು. ಮೊದಲೆಲ್ಲ ಅದು ಹಂಗಿಸುವ ಹೆಸರಾಗಿತ್ತು. ಆ ದಿನ ಮಾತ್ರ ಹೆಮ್ಮೆಯ ಹೆಸರಿನಂತೆ ಕೇಳಿಸಿತು. ನೀನು ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ತಿರುಗಿಸಿ ನೋಡಿದೆ. ಅದರ ಹೊಳಪು ನೋಡಿ ನಕ್ಕೆಯಲ್ಲ, ಅದು ನನಗೆ ಗೋಡೆಯವರೆಗೂ ಕಂಡಿತು. ಆಮೇಲೆ ಕತ್ತಿಗೆ ಒತ್ತಿಕೊಂಡೆ, ಬಾಗಿದೆ, ಜಾರಿದೆ, ಎಸೆದೆ. ಗುಂಡು ಹಳೆಯ ದಾಖಲೆಯ ಬಾವುಟದ ಆಚೆ ಬಿತ್ತು. ಟೇಪು ಹಿಡಿದವರು ಎರಡು ಸಲ ಅಳೆದರು. ಆಮೇಲೆ ಗದ್ದಲವೋ ಗದ್ದಲ. ರಾಷ್ಟ್ರೀಯ ಶಿಬಿರಕ್ಕೆ ನಿನ್ನ ಹೆಸರು ಹೋಗುತ್ತದೆ ಎಂದು ಮೇಷ್ಟ್ರು ಮೈಕಿನಲ್ಲೇ ಕೂಗಿಬಿಟ್ಟರು.

ಆ ಸಂತೋಷ ಒಂದು ಗಂಟೆಯ ಮೇಲೆ ಉಳಿಯಲಿಲ್ಲ. ದಾಖಲೆ ಆದರೆ ಗುಂಡನ್ನು ಇನ್ನೊಮ್ಮೆ ತೂಗಬೇಕು ಎಂಬ ನಿಯಮ ನನಗೆ ಗೊತ್ತಿರಲಿಲ್ಲ. ಮೂರು ಕಿಲೋ ಒಂಬೈನೂರ ಮೂವತ್ತು. ಸೋಮವಾರ ತೂಗಿ, ಸರಿ ಇದೆ ಎಂದು ಗುರುತಿಗೆ ಕೆಂಪು ಚುಕ್ಕೆ ಹಾಕಿದ್ದ ಗುಂಡು ಗುರುವಾರ ಎಪ್ಪತ್ತು ಗ್ರಾಂ ಕಡಿಮೆ. ಚುಕ್ಕೆ ಇತ್ತು. ಆದರೆ ಆ ಬಣ್ಣ ತಮ್ಮ ಡಬ್ಬಿಯದಲ್ಲ ಅಂದರು. ಯಾರೋ ತೇದು ಹಗುರ ಮಾಡಿ, ಕಳ್ಳ ಗುರುತು ಹಾಕಿದ್ದಾರೆ ಅಂದರು.

ಮೂರು ಜನರ ಸಮಿತಿ ನಿನ್ನನ್ನು ಕೂರಿಸಿಕೊಂಡು ಕೇಳಿತಂತೆ, "ಮೂರು ದಿನ ಈ ಗುಂಡನ್ನ ಯಾರ್ಯಾರು ಮುಟ್ಟಿದ್ರು?" ನೀನು ಹೇಳಿದೆಯಂತೆ, "ಯಾರೂ ಇಲ್ಲ. ನನ್ನ ಹತ್ರಾನೇ ಇತ್ತು." ಮತ್ತೆ ಮತ್ತೆ ಕೇಳಿದರೂ ಅದೇ ಮಾತು. ಎರಡು ವರ್ಷ ಯಾವ ಕೂಟಕ್ಕೂ ಇಳಿಯಬಾರದು ಅಂದರು. ದಾಖಲೆ ಅಳಿಸಿದರು. ಶಿಬಿರದ ಪತ್ರ ಬರಲೇ ಇಲ್ಲ. ಪೇಪರಿನಲ್ಲಿ "ಹಗುರ ಗುಂಡು, ಭಾರಿ ಮೋಸ" ಎಂದು ಬಂತು. ಪಕ್ಕದ ಮನೆಯಾಕೆ ಆ ಪೇಪರಿನಲ್ಲೇ ಸುತ್ತಿ ಅಮ್ಮನಿಗೆ ಸೊಪ್ಪು ಕೊಟ್ಟಳು, ಬೇಕೆಂದೇ. ಕೊನೆಯ ವರ್ಷದ ಪರೀಕ್ಷೆಗೆ ನೀನು ಕೂರಲಿಲ್ಲ. ಆಮೇಲೆ ಮದುವೆ, ಬೇರೆ ಊರು, ಆಸ್ಪತ್ರೆ. ಎರಡು ವರ್ಷ ಕಳೆದಾಗ ನೀನು ಮತ್ತೆ ಎಸೆಯುತ್ತೀಯ ಎಂದು ನಾನು ಕಾದಿದ್ದೆ. ನೀನು ಆಗಷ್ಟೇ ಹುಟ್ಟಿದ್ದ ಪುಟ್ಟಿಯನ್ನು ಎತ್ತಿಕೊಂಡು ನಿಂತ ಫೋಟೊ ಕಳಿಸಿದೆ.

ಇವತ್ತು ಬೆಳಿಗ್ಗೆ ಪೀಠ ಮುಗಿಸಿದೆ. ಮರ ಚೆನ್ನಾಗಿ ಬಂದಿದೆ. ಗುಂಡು ಅದರ ಕುಳಿಯಲ್ಲಿ ಹಕ್ಕಿಮೊಟ್ಟೆಯ ಹಾಗೆ ಕೂರುತ್ತದೆ. ಸೀಸ ಕರಗಿಸುವ ಬಾಣಲೆಯನ್ನೂ ತೆಗೆದಿಟ್ಟೆ. ಡ್ರಿಲ್ಲಿಗೆ ಗುಂಡನ್ನು ಬಿಗಿದೆ. ಸ್ವಿಚ್ಚಿನ ಮೇಲೆ ಕೈ ಇಟ್ಟು ಎಷ್ಟು ಹೊತ್ತು ನಿಂತಿದ್ದೆನೋ, "ಏನಯ್ಯಾ, ಅದಕ್ಕೆ ಪೂಜೆ ಮಾಡ್ತಾ ಇದೀಯಾ?" ಎಂದು ಯಜಮಾನರು ಕೇಳಿದರು. ಬಿಚ್ಚಿ ಕೆಳಗಿಟ್ಟೆ. ಸೀಸ ತುಂಬಲಿಲ್ಲ. ತುಂಬುವುದೂ ಇಲ್ಲ.

ನೀನು ಬರಲೇಬೇಕು ಎಂದು ಬರೆ ಅಂತ ಮೇಷ್ಟ್ರು ಹೇಳಿದ್ದರು. ಹಾಗೆ ಬರೆಯುವ ಮುಖ ನನಗಿಲ್ಲ. ಸಮಾರಂಭ ಇಪ್ಪತ್ತೇಳನೇ ತಾರೀಖು ಶನಿವಾರ, ಬೆಳಿಗ್ಗೆ ಹತ್ತಕ್ಕೆ, ಅದೇ ಮೈದಾನದಲ್ಲಿ. ಗೊತ್ತಿರಲಿ ಎಂದು ಬರೆದಿದ್ದೇನೆ, ಅಷ್ಟೇ.

ಭಾವನಿಗೆ ನಮಸ್ಕಾರ ಹೇಳು. ಪುಟ್ಟಿ ಚೆನ್ನಾಗಿ ಓದಲಿ, ನಿನ್ನ ಹಾಗೆ ಎತ್ತರ ಬೆಳೆಯಲಿ, ಅವಳಿಗೆ ಈ ಮಾಮನ ಮುತ್ತು. ಅಮ್ಮ ನಿನಗೆ ನೂರು ವರ್ಷ ಆಯಸ್ಸು ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ. ನಾನು ಚಿಕ್ಕವನು, ನಿನ್ನ ಆಶೀರ್ವಾದ ಕೇಳುವವನು. ಈ ಸಲ ಅದನ್ನು ಕೇಳಲು ಸಂಕೋಚ.

ಇಂತಿ ನಿನ್ನ ತಮ್ಮ,
ಗುಬ್ಬಿ

ತಾ.ಕ.

ಮಂಗಳವಾರ. ಕಾಗದ ಮಡಿಚಿ ಅಂಟು ಹಾಕಿಯಾಗಿತ್ತು. ಮತ್ತೆ ಬಿಡಿಸಿದ್ದೇನೆ, ಅಂಚು ಹರಿದಿರುವುದು ಅದಕ್ಕೇ. ಬರೆಯಬೇಕು ಎಂದು ಕೂತದ್ದು ಇದೊಂದನ್ನು. ಮೇಲಿನದೆಲ್ಲ ಇದನ್ನು ಮುಂದೂಡಲು ಬರೆದದ್ದು.

ಗುಂಡನ್ನು ತೇದವನು ನಾನು.

ಆ ಮಂಗಳವಾರ ಸಂಜೆ ನೀನು ಅದನ್ನು ವರ್ಕ್‌ಶಾಪಿಗೆ ತಂದೆ. "ಗುಬ್ಬಿ, ಸೀಮೆಎಣ್ಣೇಲಿ ಒಂಚೂರು ಒರೆಸಿಕೊಡೋ. ತುಕ್ಕೆಲ್ಲ ಕತ್ತಿಗೆ ಮೆತ್ಕೊಳುತ್ತೆ. ಆ ಕೆಂಪು ಚುಕ್ಕೆ ಮಾತ್ರ ಮುಟ್ಟಬೇಡ" ಅಂದೆ. ನಿನ್ನ ಕತ್ತಿನ ಕಂದು ಕಲೆ ನೋಡಿ ಹುಡುಗಿಯರು "ತುಕ್ಕು ಬಂಡೆ" ಅನ್ನುತ್ತಿದ್ದರಲ್ಲ, ನನಗೆ ಅದು ನಿನಗಿಂತ ಹೆಚ್ಚು ಚುಚ್ಚುತ್ತಿತ್ತು. ನಾನಾಗ ಲೇತ್ ಹಿಡಿದು ಆರು ತಿಂಗಳು. ನನ್ನ ಕೈಯಲ್ಲಿ ಏನಾಗುತ್ತದೆ ಎಂದು ನಿನಗೆ ತೋರಿಸಬೇಕಿತ್ತು. ಮರದ ಎರಡು ಬಟ್ಟಲಿನ ನಡುವೆ ಗುಂಡನ್ನು ಸಿಕ್ಕಿಸಿ ಲೇತ್ ತಿರುಗಿಸಿದೆ. ಮೊದಲು ಅರ ಹಿಡಿದೆ, ಆಮೇಲೆ ಸ್ಯಾಂಡ್ ಪೇಪರ್. ಕಪ್ಪು ಪುಡಿ ಉದುರುತ್ತಾ ಹೋಯಿತು, ಒಳಗಿನಿಂದ ಬೆಳ್ಳಿಯ ಹಾಗೆ ಹೊಳಪು ಬಂತು. ಒಂದು ಕಡೆ ತುಕ್ಕು ತಿಂದ ಸಣ್ಣ ಕುಳಿ ಇತ್ತು. ಅದೊಂದು ಉಳಿಯಬಾರದು ಎಂದು ಮತ್ತೆ ಮತ್ತೆ ತೇದೆ. ಅದು ಹೋಗಲಿಲ್ಲ, ಈಗಲೂ ಇದೆ. ತೂಕ ಎಂಬುದು ನನ್ನ ತಲೆಗೆ ಬರಲೇ ಇಲ್ಲ, ಅಕ್ಕ. ಅಷ್ಟು ದೊಡ್ಡ ಕಬ್ಬಿಣ, ಅದರಿಂದ ಒಂದು ಹಿಡಿ ಪುಡಿ.

ಚುಕ್ಕೆ ಇದ್ದ ಜಾಗ ಮಾತ್ರ ತುಕ್ಕಿನ ತೇಪೆಯ ಹಾಗೆ ಉಳಿದು ಅಸಹ್ಯವಾಗಿ ಕಂಡಿತು. ಅದನ್ನೂ ತೇದುಬಿಟ್ಟೆ. ಆಮೇಲೆ ನೀನು ಬೈಯುತ್ತೀಯ ಎಂದು, ಮೆಷಿನ್ನಿಗೆ ಬಳಿಯುವ ಕೆಂಪು ಬಣ್ಣದಲ್ಲಿ ಹೆಬ್ಬೆರಳು ಅದ್ದಿ ಅದೇ ಜಾಗದಲ್ಲಿ ಒತ್ತಿದೆ. ಮೊದಲಿನದಕ್ಕಿಂತ ಚೆನ್ನಾಗಿದೆ ಎಂದುಕೊಂಡೆ.

ಇದು ತಪ್ಪು, ಆದರೆ ನನ್ನನ್ನು ಸುಡುತ್ತಿರುವುದು ಇದಲ್ಲ.

ಗುರುವಾರ ಸಂಜೆ, ತೂಕ ಕಡಿಮೆ ಬಂದ ಮೇಲೆ, ನೀನು ಮನೆಗೆ ಬಂದು ಹಿತ್ತಿಲ ನಲ್ಲಿಯ ಹತ್ತಿರ ನನ್ನನ್ನು ನಿಲ್ಲಿಸಿದೆ. "ಗುಬ್ಬಿ, ನೀನು ಬರೀ ಒರೆಸಿದ್ದು ತಾನೇ?" ಅಂದೆ. ನಾನು, "ಬರೀ ಒರೆಸ್ದೆ ಅಕ್ಕ" ಅಂದೆ. ನೀನು ನನ್ನ ಬಲಗೈ ಹಿಡಿದು ನೋಡಿದೆ. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ ಇತ್ತು. ನೀನು ಒಳಗೆ ಹೋಗಿ ಸೀಮೆಎಣ್ಣೆಯ ಚಿಂದಿ ತಂದೆ. ಕೂದಲಿನ ಪಿನ್ನು ತೆಗೆದು ಉಗುರಿನ ಸಂದಿಯನ್ನೆಲ್ಲ ಕೆರೆದು, ಒರೆಸಿ, ಸೋಪು ಹಾಕಿ ತೊಳೆದೆ, ಚಿಕ್ಕವನಾಗಿದ್ದಾಗ ತೊಳೆಯುತ್ತಿದ್ದ ಹಾಗೆ. "ನಾಳೆ ಯಾರಾದ್ರೂ ಬಂದು ಕೇಳಿದ್ರೆ, ನನಗೇನೂ ಗೊತ್ತಿಲ್ಲ ಅನ್ನು" ಅಂದೆ. ಮಾರನೆಯ ದಿನ ಸಮಿತಿಯ ಮುಂದೆ, ಯಾರೂ ಮುಟ್ಟಿಲ್ಲ ಅಂದೆ.

ನಿನಗೆ ಗೊತ್ತಿತ್ತು. ನಿನಗೆ ಗೊತ್ತಿದೆ ಎಂದು ನನಗೂ ಗೊತ್ತಿತ್ತು. ಅಕ್ಕನಿಗೆ ಏನೂ ಗೊತ್ತಿಲ್ಲ ಎಂದು ಹನ್ನೊಂದು ವರ್ಷ ನನಗೆ ನಾನೇ ಹೇಳಿಕೊಂಡು ಉಂಡೆ, ಮಲಗಿದೆ.

ಇವತ್ತು ಬೆಳಿಗ್ಗೆ ಇದೆಲ್ಲವನ್ನೂ ಬಿಳಿ ಹಾಳೆಯಲ್ಲಿ ಬರೆದು ಪ್ರಿನ್ಸಿಪಾಲರ ಕೈಗೆ ಕೊಟ್ಟೆ. ಗುಂಡನ್ನೂ ತೂತು ಕೊರೆಯದೆ ಹಾಗೇ ಮೇಜಿನ ಮೇಲಿಟ್ಟೆ. ಮೇಷ್ಟ್ರೂ ಅಲ್ಲಿದ್ದರು. ಪ್ರಿನ್ಸಿಪಾಲರು ಓದಿ, "ಸಹಿ ಹಾಕಿದೀಯಲ್ಲಪ್ಪ, ಪಕ್ಕದಲ್ಲಿ ಕೆಂಪು ಹೆಬ್ಬೆಟ್ಟು ಯಾಕೆ?" ಅಂದರು. "ಗುಂಡಿನ ಮೇಲಿರೋ ಚುಕ್ಕೆ ಜೊತೆ ಇಟ್ಟು ನೋಡಿ ಸಾರ್" ಅಂದೆ. ಆ ಚುಕ್ಕೆಯಲ್ಲಿ ನನ್ನ ಬೆರಳಿನ ಗೆರೆ ಇನ್ನೂ ಇದೆ ಅಕ್ಕ, ಒಂದೂ ಅಳಿಸಿಲ್ಲ. ಮೇಷ್ಟ್ರು ಎದ್ದು ಕಿಟಕಿಯ ಹತ್ತಿರ ಹೋಗಿ ಆಚೆ ನೋಡುತ್ತಾ ನಿಂತರು.

ಆ ಪದ ತೆಗೆದು ನಿನಗೆ ಹೊಸ ಪತ್ರ ಬರೆಯುತ್ತಾರಂತೆ. ಅದರಿಂದ ನಿನ್ನ ಆ ವಯಸ್ಸು, ಆ ಭುಜ ವಾಪಸ್ ಬರುವುದಿಲ್ಲ ಎಂದು ನನಗೆ ಗೊತ್ತು. ಅಮ್ಮನಿಗೆ ಇನ್ನೂ ಹೇಳಿಲ್ಲ. ಈ ಕಾಗದ ಪೆಟ್ಟಿಗೆಗೆ ಹಾಕಿ ಬಂದು ಹೇಳುತ್ತೇನೆ.

ಇಪ್ಪತ್ತೇಳಕ್ಕೆ ಬರುವುದು, ಬಿಡುವುದು ನಿನ್ನ ಇಷ್ಟ. ಆದರೆ ಯಾವತ್ತಾದರೂ ಒಮ್ಮೆ ಮನೆಗೆ ಬಾ. ಹಿತ್ತಿಲ ನಲ್ಲಿ ಅಲ್ಲೇ ಇದೆ. ನನ್ನ ಕೈ ಹಿಡಿದು, "ಬರೀ ಒರೆಸಿದ್ದು ತಾನೇ?" ಎಂದು ಇನ್ನೊಂದು ಸಲ ಕೇಳು. ಈ ಸಲ ಉಗುರಿನ ಕೆಂಪನ್ನು ನಿನ್ನಿಂದ ತೊಳೆಸಿಕೊಳ್ಳುವುದಿಲ್ಲ.